ಮನೆಮಂದಿಯ ಕ್ಯಾಲೆಂಡರ್

ಹರಿಕೃಷ್ಣ ಕಬ್ಬಿಣದ ಸರಳನ್ನು ಗೋಣಿಯಲ್ಲಿ ಸುತ್ತಿ ಬೈಕಿಗೆ ಕಟ್ಟಿದ. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಊಟದ ಗಂಟೆ ಆಗಷ್ಟೇ ಹೊಡೆದಿತ್ತು. ಮೇಲ್ವಿಚಾರಕನನ್ನು ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಅವನ ಮೇಜಿನ ಕಂಪ್ಯೂಟರಿನಲ್ಲಿ ಮನೆಯ ಕ್ಯಾಲೆಂಡರ್ ಇನ್ನೂ ತೆರೆದಿತ್ತು. ಇವತ್ತಿನ ಚೌಕದಲ್ಲಿ ಹೊಸದೊಂದು ಸಾಲು: 'ಎರಡು ಗಂಟೆ. ತೊಂಡೇಬಾವಿ ಸ್ಟೇಷನ್. ಮುನೇಶ್ ಬರ್ತಾನೆ.'

ಮದುವೆಯಾದ ವರ್ಷವೇ ಅವನು ಗೌರಿಬಿದನೂರಿನ ಮನೆಗೆ ರೂಟರ್ ಹಾಕಿಸಿದ್ದ. ಕೋಣೆಯಲ್ಲಿ ಹೆಂಡತಿ ಪದ್ಮಶ್ರೀ ಟ್ಯೂಷನ್ ಹೇಳುವ ಕಂಪ್ಯೂಟರ್, ನಡುಮನೆಯಲ್ಲಿ ತಾಯಿ ಚಿಕ್ಕವೆಂಕಟಮ್ಮ ಹರಿಕಥೆ ನೋಡುವ ಹಳೆಯದು. ಎರಡನ್ನೂ ಕಾರ್ಖಾನೆಯ ತನ್ನ ಕಂಪ್ಯೂಟರಿಗೆ ಜೋಡಿಸಿ, ಎಲ್ಲರಿಗೂ ಒಂದೇ ಕ್ಯಾಲೆಂಡರ್ ಮಾಡಿದ. ಪದ್ಮಶ್ರೀ ಸೊಪ್ಪು ತರಲು ಹೋದರೂ ಅದರಲ್ಲಿ ಬರೆಯಬೇಕು. ಅವಳ ಕಂಪ್ಯೂಟರ್ ಆರಿದರೆ ಹತ್ತು ನಿಮಿಷದಲ್ಲಿ ಅವನ ಬೈಕು ಬಾಗಿಲಲ್ಲಿ. ಒಮ್ಮೆ ಕಾಲು ಗಂಟೆ ತಡವಾಗಿದ್ದಕ್ಕೆ ನೆಟ್‌ವರ್ಕ್ ಕೇಬಲ್ಲಿನಿಂದಲೇ ಬಾರಿಸಿದ್ದ. ಬೆನ್ನಿನ ಚರ್ಮ ಕಿತ್ತು ಬಂದಿತ್ತು. ಹೋದ ವಾರ ಅವನು ಅವಳ ಮುಂಗೈ ಮುರಿದಾಗಲೂ ಚಿಕ್ಕವೆಂಕಟಮ್ಮ ಅವರೆಕಾಯಿ ಬಿಡಿಸುತ್ತಾ ತಲೆ ಎತ್ತಿರಲಿಲ್ಲ.

ಹೊರಡುವ ಮುಂಚೆ ತಾಯಿಗೆ ಫೋನು ಮಾಡಿದ. "ಎಲ್ಲಮ್ಮ ಅವಳು?"

"ಬ್ಯಾಗು ತುಂಬ್ಕೊಂತಾವ್ಳೆ ಕಣಪ್ಪ. ಮನೆಗೆ ಬಂದು ರಂಪ ಮಾಡ್ಬೇಡ, ಬೀದಿಯೋರು ನೋಡ್ತಾರೆ. ನೇರ ಸ್ಟೇಷನ್‌ಗೇ ಹೋಗು."

ಅಮ್ಮನಾದರೂ ತನ್ನ ಕಡೆಗಿದ್ದಾಳೆ ಎಂದುಕೊಂಡ.

ತೊಂಡೇಬಾವಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಬ್ಬನೇ ಒಬ್ಬ ಕೂತಿದ್ದ.

"ಮುನೇಶ್ ನೀನೇನಾ?"

ಆತ ತಲೆ ಎತ್ತುವಷ್ಟರಲ್ಲಿ ಸರಳು ಭುಜಕ್ಕೆ ಬಿತ್ತು. ಮೂಳೆ ಲಟಕ್ಕೆಂದಿತು. "ನಾನು ಕೆಂಪರಾಜು ಕಣಣ್ಣ, ಶಿಡ್ಲಘಟ್ಟದೋನು" ಎನ್ನುತ್ತಾ ಆತ ನೆಲದಲ್ಲಿ ಹೊರಳಿದ. ಸರಳು ಮತ್ತೆ ಮೇಲೆದ್ದಿತು. ಹಳಿ ರಿಪೇರಿ ಮಾಡುತ್ತಿದ್ದ ನಾಲ್ವರು ಓಡಿ ಬಂದು ಹರಿಕೃಷ್ಣನನ್ನು ಕೆಡವಿದರು. ಮುಖ ಕಲ್ಲಿಗೆ ಬಡಿದು ತುಟಿ ಒಡೆಯಿತು. ಕೈಗಳನ್ನು ಹಿಂದಕ್ಕೆಳೆದು ಟವೆಲಿನಿಂದ ಬಿಗಿದರು. ಒಬ್ಬ ಪೊಲೀಸರಿಗೆ ಹೇಳಿ ಕಳಿಸಿದ.

ಹರಿಕೃಷ್ಣನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವರಲ್ಲೊಬ್ಬ ತೆಗೆದು ಸ್ಪೀಕರಿಗೆ ಹಾಕಿದ. ಚಿಕ್ಕವೆಂಕಟಮ್ಮನ ದನಿ.

"ಪದ್ಮ ಚಿಂತಾಮಣಿ ಬಸ್ಸು ಹತ್ತಿದ್ಲು ಕಣಪ್ಪ. ತೌರಿಗೆ ಹೋದ್ಲು. ಇನ್ನು ಬರಲ್ಲ."

ಹರಿಕೃಷ್ಣ ರಕ್ತ ಉಗುಳಿದ. "ಸುಳ್ಳು ಹೇಳ್ಬೇಡಮ್ಮ. ತೊಂಡೇಬಾವಿ ಅಂತ ಅವಳೇ ಬರೆದವ್ಳೆ."



"ಅದನ್ನ ಬರೆದಿದ್ದು ನಾನು."