ಒಂದೂಕಾಲು ಕಿಲೋ

ಹಾಲಿನ ಶೀಶೆಯನ್ನು ಎತ್ತಿ ಹಿಡಿದು ಪ್ಲಂಬರ್ ಕುರ್ಚಿಯ ಮೇಲೆ ನಿಂತಿದ್ದ. ಶೀಶೆಯಿಂದ ಇಳಿದ ಎಳೆಯಷ್ಟು ಸಣ್ಣ ನಳಿಗೆಯ ಇನ್ನೊಂದು ತುದಿಯನ್ನು ಅವನ ಹೆಂಡತಿ ಮೊಲೆತೊಟ್ಟಿನ ಪಕ್ಕಕ್ಕೆ ಪ್ಲಾಸ್ಟರ್ ಚೂರಿನಿಂದ ಅಂಟಿಸಿಕೊಂಡಿದ್ದಳು. ಹತ್ತು ದಿನದ ಹೆಣ್ಣುಮಗು ತೊಟ್ಟನ್ನೂ ನಳಿಗೆಯನ್ನೂ ಒಟ್ಟಿಗೇ ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಹಾಲು ಮಾತ್ರ ಅರ್ಧ ದಾರಿಗೆ ಬಂದು ನಿಂತುಬಿಟ್ಟಿತ್ತು.

“ಗಾಳಿ ಕಟ್ಟಿದೆ,” ಎಂದ ಅವನು, ಕಸುಬಿನ ಗಾಂಭೀರ್ಯದಿಂದ. ನಳಿಗೆಯನ್ನು ಬೆರಳಿನಿಂದ ಎರಡು ಸಲ ಮಿಡಿದು ಶೀಶೆಯನ್ನು ಇನ್ನೂ ಮೇಲಕ್ಕೆತ್ತಿದ. ಹಾಲು ದಡಬಡಿಸಿ ಇಳಿದು ಮಗುವಿನ ಮೂಗಿಗೇ ನುಗ್ಗಿತು. ಮಗು ಸೀನಿ, ಕೆಮ್ಮಿ, ಸೂರು ಹಾರುವಂತೆ ಅತ್ತಿತು.

“ರೀ, ಇದು ಮಹಡಿ ಮೇಲಿನ ಟ್ಯಾಂಕ್ ಅಲ್ಲ. ನನ್ನ ಕಿವಿ ಮಟ್ಟಕ್ಕೆ ಹಿಡೀರಿ ಅಂತ ನರ್ಸ್ ಹೇಳಿದ್ರಲ್ಲ. ಕೆಳಗಿಳೀರಿ.”

ಅವಳು ಶಾಲೆಯಲ್ಲಿ ಆಟದ ಟೀಚರ್. ಮಕ್ಕಳಿಗೆ ಓಟ ಕಲಿಸಬೇಕಾದವಳಿಗೆ ಮೊದಲೆಲ್ಲ ತಾನು ಹತ್ತು ಹೆಜ್ಜೆ ಓಡಿದರೆ ಎದೆಯ ಭಾರಕ್ಕೆ ಕತ್ತು, ಬೆನ್ನು ಹಿಡಿದುಕೊಳ್ಳುತ್ತಿತ್ತು. ಸಾಲದ್ದಕ್ಕೆ ಕಾಂಪೌಂಡಿನಾಚೆ ಪ್ರೇಕ್ಷಕರು ಸೇರುತ್ತಿದ್ದರು. ಮದುವೆಗೆ ಮುಂಚೆ, ಐದು ವರ್ಷದ ಹಿಂದೆ, ಎದೆಯ ಗಾತ್ರ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದಳು. ಮುಂದೆ ಮಗುವಿಗೆ ಹಾಲು ಸಾಲದೆ ಹೋಗಬಹುದು ಎಂದು ಡಾಕ್ಟರು ಎಚ್ಚರಿಸಿದಾಗ, ಗಂಡನೇ ಗೊತ್ತಿಲ್ಲ, ಮಗುವಿನ ಮಾತೆಲ್ಲಿ ಎಂದು ನಕ್ಕು ಸಹಿ ಹಾಕಿದ್ದಳು. ಈಗ ಹಾಲೇನೋ ಬರುತ್ತಿತ್ತು, ಮಗುವಿನ ಹಸಿವಿನ ಕಾಲುಭಾಗಕ್ಕೆ. ಹುಟ್ಟಿದಾಗ ಮೂರು ಕಿಲೋ ಇದ್ದ ಮಗಳು ಎರಡೂ ಮುಕ್ಕಾಲಿಗಿಂತ ಕೆಳಗಿಳಿದಿದ್ದಳು. ಡಬ್ಬಿ ಹಾಲು ನಳಿಗೆಯಲ್ಲಿ ಬರಲಿ, ಮಗು ಮೊಲೆ ಚೀಪುತ್ತಿದ್ದರೆ ನಿಮ್ಮ ಹಾಲೂ ಹೆಚ್ಚೀತು ಎಂದಿದ್ದರು ನರ್ಸ್. ಮೂರು ದಿನದಲ್ಲಿ ತೂಕ ಏರದಿದ್ದರೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕು ಎಂದೂ ಹೇಳಿದ್ದರು.

ಇದ್ಯಾವುದೂ ಅತ್ತೆಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದ ಅವರು ಮನೆಯಲ್ಲೂ ಕಿಟಕಿಯ ಹಿಂದಿನಿಂದ ಮಾತಾಡಿದ ಹಾಗೆ ಚುಟುಕಾಗಿ ಮಾತಾಡುತ್ತಿದ್ದರು. ಸೊಸೆ ಸರಿಯಾಗಿ ಉಣ್ಣದಿರುವುದೇ ಎಲ್ಲಕ್ಕೂ ಕಾರಣ ಎಂಬುದು ಅವರ ತೀರ್ಮಾನ. ತಾವು ಮಗನಿಗೆ ಹಾಲು ಕುಡಿಸಿ, ಮಿಕ್ಕಿದ್ದನ್ನು ಪಕ್ಕದ ಮನೆಯ ಕೂಸಿಗೂ ಕುಡಿಸಿದ್ದನ್ನು ದಿನಕ್ಕೆರಡು ಸಲ ನೆನಪಿಸುತ್ತಿದ್ದರು. ಅವರು ತರಕಾರಿಗೆ ಹೋದ ಹೊತ್ತು ನೋಡಿ ಗಂಡ ಹೆಂಡತಿ ನಳಿಗೆ ಹೊರತೆಗೆದಿದ್ದರು. ಆದರೆ ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವವನ ಮನೆಯಲ್ಲಿ ಕೋಣೆಯ ಚಿಲಕ ಎರಡು ವರ್ಷದಿಂದ ಕೂರುತ್ತಿರಲಿಲ್ಲ.

ಬಾಗಿಲು ತೆರೆದುಕೊಂಡಿತು. ಅತ್ತೆ ತರಕಾರಿ ಚೀಲದ ಸಮೇತ ಹೊಸ್ತಿಲಲ್ಲೇ ನಿಂತರು. ಕುರ್ಚಿ ನೋಡಿದರು, ಮಗನನ್ನು ನೋಡಿದರು, ಶೀಶೆಯಿಂದ ಸೊಸೆಯ ಎದೆಯವರೆಗೆ ನಳಿಗೆಯ ಜಾಡು ಹಿಡಿದು ಬಂದರು.

“ಏನಿದು?”

“ಏನಿಲ್ಲಮ್ಮ, ಒಂದು ಕನೆಕ್ಷನ್ ಕೊಡ್ತಿದ್ದೆ,” ಎಂದ ಮಗ, ಕುರ್ಚಿಯ ಮೇಲಿಂದಲೇ.

ಇನ್ನು ಮುಚ್ಚಿಟ್ಟು ಫಲವಿಲ್ಲ ಎನಿಸಿ ಸೊಸೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು, ಮಗುವಿನ ನೆತ್ತಿಯಿಂದ ಕಣ್ಣು ಕೀಳದೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ತೆಗೆದ್ರು?”

“ಎರಡೂ ಸೇರಿ ಒಂದೂಕಾಲು ಕಿಲೋ.”

ಅತ್ತೆ ಕೈಯಲ್ಲಿದ್ದ ಚೀಲವನ್ನು ಒಮ್ಮೆ ಎತ್ತಿ, ತೂಗಿ ನೋಡಿ, ಕೆಳಗಿಟ್ಟರು. ಮಗನಿಗೆ ಇಳಿ ಎಂದರು. ಶೀಶೆ ಕಿತ್ತುಕೊಂಡು ಸೊಸೆಯ ಪಕ್ಕ ಕೂತು ಕಿವಿಯ ಮಟ್ಟಕ್ಕೆ ಹಿಡಿದರು. ಹಾಲು ಸಣ್ಣಗೆ, ಸಮನಾಗಿ ಇಳಿಯತೊಡಗಿತು.

ಆಮೇಲೆ ಮೂರು ದಿನ ಅವರು ಆ ಮಾತೆತ್ತಲಿಲ್ಲ. ಹೊತ್ತು ಹೊತ್ತಿಗೆ ಬಂದು ಶೀಶೆ ಹಿಡಿಯುತ್ತಿದ್ದರು, ನಡುನಡುವೆ ಸೊಸೆಯನ್ನು ಓರೆಗಣ್ಣಿನಿಂದ ಅಳೆದು ನಿಟ್ಟುಸಿರು ಬಿಡುತ್ತಿದ್ದರು. ಸೊಸೆಗೆ ಅನ್ನ ಇಳಿಯುತ್ತಿರಲಿಲ್ಲ. ಅಮ್ಮ ಬೈದರೆ ಚಿಂತೆಯಿಲ್ಲ, ಬೈಯದಿದ್ದರೇ ಹೆದರಬೇಕು ಎಂದು ಗಂಡ ಬೇರೆ ಧೈರ್ಯ ಹೇಳಿದ್ದ. ಅತ್ತೆಯ ತಂಗಿ ಫೋನ್ ಮಾಡಿ ಬಾಣಂತಿಯ ಹಾಲು ವಿಚಾರಿಸಿದಾಗ ಒಳಗೆ ಮಲಗಿದ್ದವಳು ಎದ್ದು ಕೂತು ಕಿವಿಗೊಟ್ಟಳು.

“ಸಾಲ್ತಿದೆ,” ಎಂದರು ಅತ್ತೆ. “ಎಲ್ಲಿಂದ ಬರತ್ತೆ ಅನ್ನೋದು ನಿನಗ್ಯಾಕೆ?” ಫೋನ್ ಇಟ್ಟೇಬಿಟ್ಟರು.

ಮೂರನೆಯ ದಿನ ಎಲ್ಲರೂ ಆಸ್ಪತ್ರೆಗೆ ಹೋದರು. ನರ್ಸ್ ಮಗುವಿನ ಬಟ್ಟೆ ಬಿಚ್ಚಿ ತಕ್ಕಡಿಯಲ್ಲಿ ಮಲಗಿಸಿದರು. ನೂರಮೂವತ್ತು ಗ್ರಾಂ ಏರಿತ್ತು. ಟೀಚರ್ ಇನ್ನೊಂದು ಸಲ ತೂಗಿಸಿದಳು, ಅಷ್ಟೇ ಬಂತು. ಅವಳು ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ನಳಿಗೆ ಇನ್ನೂ ಕೆಲವು ತಿಂಗಳು ಬೇಕಾಗಬಹುದು, ಆದರೆ ನಿಮ್ಮ ಹಾಲನ್ನೂ ನಿಲ್ಲಿಸಬೇಡಿ, ಎಷ್ಟು ಬಂದರೂ ಒಳ್ಳೆಯದೇ ಎಂದು ನರ್ಸ್ ಬೆನ್ನು ಸವರಿದರು.

ಪ್ಲಂಬರ್ ಗಾಡಿ ಕರೆತರಲು ಹೋದ. ಅತ್ತೆ ವರಾಂಡದ ಬೆಂಚಿನ ಮೇಲೆ ಸೊಸೆಗೆ ಒತ್ತಿಕೊಂಡು ಕೂತು ಆಚೀಚೆ ನೋಡಿದರು. ಈಗ ಬಂತು ಎಂದುಕೊಂಡು ಸೊಸೆ ಮಗುವನ್ನು ಇನ್ನಷ್ಟು ಅವಚಿಕೊಂಡಳು.

“ಮೂವತ್ತು ವರ್ಷ ಆ ಕಿಟಕಿ ಹಿಂದೆ ಕೂತಿದ್ದೆ,” ಎಂದರು ಅತ್ತೆ. “ಮುಖ ನೋಡಿ ಟಿಕೆಟ್ ಕೇಳಿದೋರು ಹತ್ತು ಜನ ಇರಬಹುದು.”

ಮತ್ತೊಮ್ಮೆ ಆಚೀಚೆ ನೋಡಿ, ಹೆಗಲ ಮೇಲಿನ ಬಟ್ಟೆಯನ್ನು ಮೆಲ್ಲಗೆ ಸರಿಸಿದರು. ಒಳಉಡುಪಿನ ಪಟ್ಟಿ ಎಷ್ಟೋ ವರ್ಷದಿಂದ ಕೊರೆದು ಕೊರೆದು ಅಲ್ಲೊಂದು ಕರ್ರನೆಯ ಹಳ್ಳವಾಗಿತ್ತು, ಬೆರಳಿಟ್ಟರೆ ಕೂರುವಷ್ಟು ಆಳ.

“ನಿನ್ನ ಆ ಡಾಕ್ಟರು,” ಎಂದು ದನಿ ತಗ್ಗಿಸಿದರು, “ಅರವತ್ತೆರಡಾದೋರಿಗೂ ಮಾಡ್ತಾರಾ?”