ಹೊಗೆಸೊಪ್ಪಿನ ಪಾಳೇಗಾರ

ಗಾವಡಗೆರೆ ದಾಟುವಾಗ ಬಸ್ಸಿನ ಕಿಟಕಿಗೆ ಹೊಗೆಸೊಪ್ಪು ಬೇಯುವ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ, ಚಿಕ್ಕಮ್ಮ ಮತ್ತು ಕೇರಿಯ ಹೆಂಗಸರು ಕೂಲಿಗೆ ಬಂದು, ಯಜಮಾನನ ಬ್ಯಾರನ್ ಎಂಬ ಸೊಪ್ಪು ಬೇಯಿಸುವ ಮನೆಯ ಮುಂದೆ ಕುಳಿತು ಹಸಿಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕೈಗೆಲ್ಲ ಕಪ್ಪು ಅಂಟು. ಮರಕ್ಕೆ ಕಟ್ಟಿದ ಜೋಲಿಯಲ್ಲಿ ಚಿಕ್ಕಮ್ಮನ ಕೂಸು ಹಸಿದು ಅಳುತ್ತಿತ್ತು. ಆ ಕಹಿ ಅಂಟು ತೊಳೆಯದೆ ಕೂಸನ್ನು ಮುಟ್ಟುವಂತಿರಲಿಲ್ಲ. ಚಿಕ್ಕಮ್ಮ ನೀರಿನ ತೊಟ್ಟಿಗೆ ಹೋಗಲು ಎದ್ದಳು.

"ಬ್ಯಾರನ್ ತುಂಬೋಗಂಟ ಯಾರೂ ಏಳಂಗಿಲ್ಲ," ಎಂದ ಯಜಮಾನ, ಪ್ಲಾಸ್ಟಿಕ್ ಕುರ್ಚಿಯಿಂದಲೇ.

ಚಿಕ್ಕಮ್ಮ ಮತ್ತೆ ಕುಳಿತಳು.

"ಓಹೋ, ಪಾಳೇಗಾರ್ರು ಅಪ್ಪಣೆ ಕೊಡ್ಸವ್ರೆ," ಎಂದಳು ಅಜ್ಜಿ.

ಪಾಳೇಗಾರ ಎಂದರೆ ಕೋಟೆ ಕಟ್ಟಿ, ಕುದುರೆ ಏರಿ ಊರಾಳಿದವನು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. "ಇವ್ರ ಕುದ್ರೆ ಎಲ್ಲಜ್ಜಿ?" ಎಂದೆ.

"ಕುದ್ರೆ ಯಾಕವ್ವಾ? ಕೂಸಿಗೆ ಮೊಲೆ ಕೊಡಾಕೂ ಯಾರ್ನ ಕೇಳ್ಬೇಕೋ, ಅವ್ನೇ ಪಾಳೇಗಾರ ಕಣವ್ವಾ." ಅಜ್ಜಿ ಕಡ್ಡಿ ಕೆಳಗಿಟ್ಟು ಎದ್ದಳು. ಹೆಂಗಸರೆಲ್ಲ ಎದ್ದರು.

"ಸೊಪ್ಪು ಬಾಡೋಯ್ತದೆ ಕಣ್ರಮ್ಮೀ!" ಯಜಮಾನ ಕೂಗಿದ.

"ಅಂಗಾರೆ ತಾವೇ ಕಟ್ಟಿ, ದೊರೆ," ಎಂದಳು ಅಜ್ಜಿ.

ದೊರೆಗೆ ಒಂದು ಗಂಟು ಹಾಕಲೂ ಬರುತ್ತಿರಲಿಲ್ಲ. ಸಂಜೆಗೆ ಬೆಂಕಿ ಹಚ್ಚಬೇಕಾದ ಬ್ಯಾರನ್ ಇನ್ನೂ ಅರ್ಧ ಖಾಲಿ ಇತ್ತು. ಚಿಕ್ಕಮ್ಮ ಬೂದಿ ಉಜ್ಜಿ ಕೈ ತೊಳೆದು, ಕೂಸನ್ನೆತ್ತಿ ಸೆರಗಿನೊಳಗೆ ಹಾಕಿಕೊಂಡಳು. ಯಜಮಾನ ಪಂಚೆ ಹಿಡಿದುಕೊಂಡು ದೂರದಲ್ಲೇ ನಿಂತು ಕಾದ. ಕೊನೆಗೆ, "ಆಯ್ತೇನ್ರವ್ವಾ?" ಎಂದು ಮೆಲ್ಲಗೆ ಕೇಳಿದ.

ಅಜ್ಜಿ ಅವನತ್ತ ತಿರುಗಲೇ ಇಲ್ಲ. "ಇನ್ನೊಂದು ಮಗ್ಗುಲಿಗೂ ಹಾಕ್ಕೊಳವ್ವಾ," ಎಂದಳು ಚಿಕ್ಕಮ್ಮನಿಗೆ. "ನಿಧಾನ್ವಾಗಿ ಕುಡೀಲಿ."