ಗಾಳಿ ಬಡಿದ ಕೆನ್ನೆ

"ಬಾಯಿ ಸೊಟ್ಟಗಾಗಿದ್ದು ಯಾವಾಗಮ್ಮಾ?" ನೀಶ್ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ಕೇಳಿದರು.

"ಬೆಳಿಗ್ಗೆ, ಕಾಫಿ ಕುಡಿಯೋವಾಗ. ಕಿಟಕಿ, ಬಾಗಿಲು ಎರಡೂ ತೆಗೆದಿಟ್ಕೊಂಡು ಕೂತಿದ್ರು. ಎದುರುಬದುರು ಗಾಳಿ ಬಡಿದ್ರೆ ಬಾಯಿ ಸೊಟ್ಟಗಾಗುತ್ತೆ ಅಂದ್ರೆ ನಗ್ತಾರೆ, ಮದುವೆಯಾದಾಗಿಂದ ಇದೇ ಆಯ್ತು." ರಾದೊಯ್ಕಾ ಗಂಡನ ಕೆನ್ನೆಗೆ ಸುತ್ತಿದ್ದ ಉಣ್ಣೆಯ ಶಾಲು ಸರಿಪಡಿಸಿದಳು. "ಕೆನ್ನೆಗೆ ಸಾರಾಯಿ ತಿಕ್ಕಿ ಬೆಚ್ಚಗೆ ಮಲಗಿಸಿದೆ. ಸಂಜೆ ನೋಡಿದ್ರೆ ಬಲಗೈನೂ ಏಳಲ್ಲ, ಮಾತೂ ಹೊರಡಲ್ಲ."

"ಗಾಳಿ ಅಲ್ಲಮ್ಮಾ, ಮೆದುಳಿನ ರಕ್ತನಾಳ ಕಟ್ಕೊಂಡಿದೆ. ಆಗಲೇ ಕರ್ಕೊಂಡು ಬಂದಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತು. ಈಗ ಹೊತ್ತು ಮೀರಿದೆ."

ರಾದೊಯ್ಕಾ ಶಾಲಿನ ಅಂಚನ್ನು ಮತ್ತೆ ಗಂಡನ ಕೆನ್ನೆಗೆ ಒತ್ತಿದಳು. ನರ್ಸು ಬಂದು ಸೆಕೆಯೆಂದು ಕಿಟಕಿ ತೆರೆದಳು. ಹಾಸಿಗೆಯಲ್ಲಿದ್ದ ಮಿಯೊದ್ರಾಗ್ ಎಡಗೈ ಎತ್ತಿ, ಮುಚ್ಚು ಎಂದು ಹೆಂಡತಿಗೆ ಸನ್ನೆ ಮಾಡಿದ. ಕೊನೆಗೂ ಅವನು ಅವಳ ಮಾತನ್ನು ನಂಬಿದ್ದ. ಅವಳು ಎದ್ದು ಹೋಗಿ ಕಿಟಕಿ ಮುಚ್ಚಿದಳು.